ಲೆಪ್ತೊನ್: ಕಿರುನಾಣ್ಯದ ಅರ್ಥ ಮತ್ತು ಬಳಕೆ — ಮಾರ್ಕ 12:41-44ರ ವಿಮರ್ಶಾತ್ಮಕ ಮರುವಾಚನ

ಸಂತ ಮಾರ್ಕರ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ ಎರಡು ನಾಣ್ಯಗಳ ಪ್ರಸ್ತಾಪವಿದೆ. ಮೊದಲನೆಯದು ಬೆಳ್ಳಿಯ ದೆನಾರಿಯಸ್. ಅದನ್ನು ಯೇಸುಸ್ವಾಮಿ ಕೇಳಿ ತರಿಸಿಕೊಳ್ಳುತ್ತಾರೆ. ಅದರ ಮೇಲಿನ ಮುಖಮುದ್ರೆ ಯಾರದೆಂದು ಪ್ರಶ್ನಿಸುತ್ತಾರೆ. ಎರಡನೆಯದು ಲೆಪ್ತೊನ್ ಎಂಬ ಕಂಚಿನ ಕಿರುನಾಣ್ಯ. ಅದನ್ನು ಅವರು ಕೇಳುವುದಿಲ್ಲ, ಮುಟ್ಟುವುದೂ ಇಲ್ಲ. ಬಡ ವಿಧವೆಯೊಬ್ಬಳ ಕೈಯಿಂದ ಅದು ಕಾಣಿಕೆ ಪೆಟ್ಟಿಗೆಗೆ ಬೀಳುವುದನ್ನು ಎದುರಿಗೆ ಕುಳಿತು ನೋಡುತ್ತಾರೆ. ದೆನಾರಿಯಸ್ಸಿನ ಬಗ್ಗೆ ಧರ್ಮಸಭೆಯಲ್ಲಿ ಒಂದು ಗ್ರಂಥಭಂಡಾರವೇ ಬೆಳೆದಿದೆ. ಚಕ್ರವರ್ತಿಗೆ ಸಲ್ಲಬೇಕಾದುದೆಷ್ಟು, ದೇವರಿಗೆ ಸಲ್ಲಬೇಕಾದುದೆಷ್ಟು ಎಂಬ ವಿಷಯದಲ್ಲಿ ನಾವು ಶತಮಾನಗಳಿಂದ ವಾದಿಸುತ್ತಾ ಬಂದಿದ್ದೇವೆ. ಲೆಪ್ತೊನ್ ಮಾತ್ರ ವಾದಕ್ಕೆ ಒಳಪಡದೆ ನೇರವಾಗಿ ಕಾಣಿಕೆಯ ತಟ್ಟೆಗೆ ಬಂದು ಸೇರಿದೆ. ‘ವಿಧವೆಯ ಕಾಸು’ ಎಂದೊಡನೆ ಅಲ್ಪವಾದರೂ ಮನಸಾರೆ ಕೊಟ್ಟ ದಾನವೆಂದು ಅರ್ಥ ಮಾಡಿಕೊಂಡು ಮುಂದೆ ಸಾಗುತ್ತೇವೆ. ಈ ಅರ್ಥವು ಪಠ್ಯದ ಭಾರವನ್ನು ಹೊರಲಾರದು ಎಂಬುದೇ ಈ ಬರಹದ ವಾದ. ಶುಭಸಂದೇಶಗಳಲ್ಲಿ ಲೆಪ್ತೊನ್ ಎಂಬುದು ಅಲ್ಪದ ಹೆಸರಲ್ಲ, ಕೊನೆಯದರ ಹೆಸರು.

ಮೊದಲು ಪದವನ್ನೇ ನೋಡೋಣ. ಗ್ರೀಕಿನಲ್ಲಿ ‘ಲೆಪ್ತೊಸ್’ ಎಂದರೆ ಸಿಪ್ಪೆ ಸುಲಿದದ್ದು, ತೆಳುವಾದದ್ದು, ಸಣಕಲು. ಕುಷ್ಠವನ್ನು ಸೂಚಿಸುವ ‘ಲೆಪ್ರ’ ಎಂಬ ಪದವೂ ಇದೇ ಧಾತುವಿನಿಂದ ಹುಟ್ಟಿದ್ದು. ಚರ್ಮ ಸುಲಿಯುವ ರೋಗವೆಂಬ ಭಾವದಲ್ಲಿ. ಎಪ್ಪತ್ತರ ಅನುವಾದವೆಂದು ನಾವು ಕರೆಯುವ ಗ್ರೀಕ್ ಹಳೆಯ ಒಡಂಬಡಿಕೆಯಲ್ಲಿ ಫರೋಹನು ಕನಸಿನಲ್ಲಿ ಕಂಡ ಬಡಕಲು ಹಸುಗಳೂ ಒಣಗಿದ ತೆನೆಗಳೂ ‘ಲೆಪ್ತೊಸ್’ ಆಗಿವೆ. ಹೋರೇಬ್ ಬೆಟ್ಟದಲ್ಲಿ ಗಾಳಿ, ಭೂಕಂಪ, ಬೆಂಕಿಗಳ ತರುವಾಯ ಎಲೀಯನಿಗೆ ಕೇಳಿಸಿದ ತೆಳುಗಾಳಿಯ ಸದ್ದಿಗೂ ಅದೇ ವಿಶೇಷಣ. ಹೊಸ ಒಡಂಬಡಿಕೆಯಲ್ಲಿ ಈ ಪದವು ನಾಣ್ಯದ ಹೆಸರಾಗಿ ಮೂರೇ ಕಡೆ ಬರುತ್ತದೆ: ಮಾರ್ಕ 12:42, ಲೂಕ 21:2 ಮತ್ತು ಲೂಕ 12:59. ಮೊದಲ ಎರಡು ನಮ್ಮ ವಿಧವೆಯ ಪ್ರಸಂಗಗಳೇ. ಮೂರನೆಯದನ್ನು ಸಾಮಾನ್ಯವಾಗಿ ಯಾರೂ ಅವುಗಳ ಜೊತೆಗಿಟ್ಟು ಓದುವುದಿಲ್ಲ. ಅದಕ್ಕೆ ನಾವು ಮುಂದೆ ಬರುತ್ತೇವೆ.

ಬೆಲೆಯ ಲೆಕ್ಕವನ್ನು ಮಾರ್ಕರೇ ಕೊಡುತ್ತಾರೆ. ಎರಡು ಲೆಪ್ತೊನ್ ಎಂದರೆ ಒಂದು ‘ಕೊದ್ರಾಂತೆಸ್’. ಎಂದರೆ ಲ್ಯಾಟಿನ್ನಿನ ಕ್ವಾದ್ರಾನ್ಸ್, ‘ಆಸ್’ ಎಂಬ ನಾಣ್ಯದ ಕಾಲುಭಾಗ. ಒಂದು ದೆನಾರಿಯಸ್ಸಿಗೆ 16 ಆಸ್, 64 ಕ್ವಾದ್ರಾನ್ಸ್. ಹಾಗಾದರೆ ಒಂದು ಲೆಪ್ತೊನ್ ದೆನಾರಿಯಸ್ಸಿನ 128ನೆಯ ಒಂದು ಭಾಗ. ಮತ್ತಾಯರ ದ್ರಾಕ್ಷಾತೋಟದ ಸಾಮತಿಯಲ್ಲಿ ದೆನಾರಿಯಸ್ ಒಂದು ದಿನದ ಕೂಲಿ. ನಮ್ಮ ಹಿರಿಯರಿಗೆ ಈ ಲೆಕ್ಕವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಏಕೆಂದರೆ 1957ಕ್ಕೆ ಮುಂಚಿನ ನಮ್ಮ ರೂಪಾಯಿ ಇದೇ ಅಚ್ಚಿನದು. ರೂಪಾಯಿಗೆ 16 ಆಣೆ, 64 ಪೈಸೆ. ಬ್ರಿಟಿಷರ ಕಾಲದಲ್ಲಿ ಅರ್ಧ ಪೈಸೆಯ ನಾಣ್ಯವೂ ಚಲಾವಣೆಯಲ್ಲಿತ್ತು. ಅದು ರೂಪಾಯಿಯ 128ನೆಯ ಭಾಗ, ಎಂದರೆ ಲೆಪ್ತೊನಿಗೆ ಸರಿಸಮ. ಇದು ಕಾಕತಾಳೀಯವಷ್ಟೆ, ಆದರೆ ಬೋಧಕನಿಗೆ ಉಪಯುಕ್ತವಾದ ಕಾಕತಾಳೀಯ. ನೂರು ಪೈಸೆಯ ರೂಪಾಯಿಯಲ್ಲಿ ಬೆಳೆದ, 2011ರ ಜೂನ್ 30ರ ನಂತರ ನಾಲ್ಕಾಣೆಯನ್ನೂ ಕಾಣದ ಇಂದಿನ ಗುರುವಿದ್ಯಾರ್ಥಿಗೆ ಕಾಸು, ದುಗ್ಗಾಣಿ, ಪೈ ಇವೆಲ್ಲ ಗಾದೆಯೊಳಗಿನ ಪದಗಳು. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂದು ಅವನು ಹೇಳಬಲ್ಲ. ಕಾಸನ್ನು ಎಣಿಸಿ ಉಪ್ಪು ಕೊಂಡವರ ಲೆಕ್ಕ ಅವನ ಅನುಭವಕ್ಕೆ ಸೇರಿದ್ದಲ್ಲ.

ಲೆಪ್ತೊನನ್ನು ಮಾರ್ಕರು ರೋಮಿನ ನಾಣ್ಯದ ಹೆಸರಿನಿಂದ ವಿವರಿಸಿರುವುದು ವಿದ್ವಾಂಸರಲ್ಲಿ ಬಹುಕಾಲದ ಚರ್ಚೆಯ ವಿಷಯ. ಕ್ವಾದ್ರಾನ್ಸ್ ಹೆಚ್ಚಾಗಿ ಪಶ್ಚಿಮದ ನಾಣ್ಯವಾದ್ದರಿಂದ, ಈ ಶುಭಸಂದೇಶವು ರೋಮಿನ ಓದುಗರಿಗಾಗಿ ಬರೆದದ್ದೆಂಬ ಪರಂಪರೆಗೆ ಇದನ್ನು ಆಧಾರವಾಗಿ ತೋರಿಸುವುದುಂಟು. ಇದು ನಿರ್ಣಾಯಕ ಆಧಾರವೆಂದು ನಾವು ಹೇಳಲಾರೆವು. ಸೈನ್ಯ ಮತ್ತು ಆಡಳಿತದ ಜೊತೆಗೆ ಲ್ಯಾಟಿನ್ ಪದಗಳು ಪೂರ್ವಕ್ಕೂ ಹೋಗಿದ್ದವು. ಆದರೂ ಒಂದು ಹೋಲಿಕೆ ಗಮನಾರ್ಹ. ಪ್ಲುಟಾರ್ಕನು ಸಿಸೆರೋವಿನ ಜೀವನಚರಿತ್ರೆಯಲ್ಲಿ ತನ್ನ ಗ್ರೀಕ್ ಓದುಗರಿಗೆ ಕ್ವಾದ್ರಾನ್ಸ್ ಎಂದರೇನೆಂದು ವಿವರಿಸಬೇಕಾಗಿ ಬಂದಾಗ, ತಾಮ್ರದ ನಾಣ್ಯಗಳಲ್ಲಿ ಅತ್ಯಂತ ತೆಳುವಾದದ್ದು ಎನ್ನಲು ‘ಲೆಪ್ತೊಸ್’ ಪದವನ್ನೇ ಬಳಸುತ್ತಾನೆ. ಅವನು ರೋಮಿನಿಂದ ಗ್ರೀಸಿಗೆ ಬರುತ್ತಾನೆ. ಮಾರ್ಕರು ಗ್ರೀಕಿನಿಂದ ರೋಮಿಗೆ ಹೋಗುತ್ತಾರೆ. ರೋಮಿನಲ್ಲಿ ಕ್ವಾದ್ರಾನ್ಸಿಗೆ ಏನು ಸಿಗುತ್ತಿತ್ತು ಎಂಬುದೂ ಗೊತ್ತಿದೆ: ಸಾರ್ವಜನಿಕ ಸ್ನಾನಗೃಹದಲ್ಲಿ ಒಂದು ಸ್ನಾನ. ಹೊರೇಸ್ ಮತ್ತು ಸೆನೆಕಾ ಇಬ್ಬರೂ ಇದನ್ನು ಹೇಳುತ್ತಾರೆ. ರೋಮಿನ ಕ್ರೈಸ್ತನೊಬ್ಬನು ಈ ವಾಕ್ಯವನ್ನು ಕೇಳಿದಾಗ ‘ಒಂದು ಸ್ನಾನದ ದುಡ್ಡು’ ಎಂದುಕೊಂಡಿರಬೇಕು. ಆ ದುಡ್ಡೇ ಆಕೆಯ ಸರ್ವಸ್ವವೆಂದು ಮರುವಾಕ್ಯದಲ್ಲಿ ತಿಳಿದಾಗ ಅವನಿಗಾದ ಆಘಾತವನ್ನು ‘ಕಾಸು’ ಎಂಬ ಮಾತು ನಮಗೆ ಉಂಟುಮಾಡುವುದಿಲ್ಲ.

ಇನ್ನು ಜೆರುಸಲೇಮಿನ ಕಡೆಯಿಂದ ನೋಡೋಣ. ಆ ವಿಧವೆಯ ಕೈಯಲ್ಲಿದ್ದದ್ದು ಬಹುಶಃ ಯೆಹೂದ್ಯರ ಪೆರೂಟಾ. ಕ್ರಿ.ಪೂ. 103ರಿಂದ 76ರವರೆಗೆ ಆಳಿದ ಅಲೆಕ್ಸಾಂಡರ್ ಯನ್ನಾಯನ ಕಾಲದಲ್ಲಿ ಲಂಗರು ಮತ್ತು ನಕ್ಷತ್ರದ ಮುದ್ರೆಯೊತ್ತಿ ಹೇರಳವಾಗಿ ಹೊರಡಿಸಿದ ಕಂಚಿನ ಚೂರುಗಳು ಕ್ರಿಸ್ತರ ಕಾಲದಲ್ಲಿಯೂ ಕೈಯಿಂದ ಕೈಗೆ ಹೋಗುತ್ತಿದ್ದವು. ಅವುಗಳಲ್ಲಿ ಕೆಲವು ಒಂದು ಗ್ರಾಮಿಗಿಂತ ಹಗುರ. ಇವೇ ಇಂದು ಪುಣ್ಯನಾಡಿನ ಅಂಗಡಿಗಳಲ್ಲಿ ‘ವಿಧವೆಯ ಕಾಸು’ ಎಂಬ ಹೆಸರಿನಲ್ಲಿ, ಬೆಳ್ಳಿಯ ಕಟ್ಟು ಹಾಕಿಸಿಕೊಂಡು, ಯಾತ್ರಿಕರ ಕೊರಳ ಪದಕವಾಗುತ್ತಿವೆ. ಆ ಪದಕದ ಬೆಲೆಯನ್ನು ಯಾವ ವಿಧವೆಯೂ ಕೊಡಲಾರಳು ಎಂಬುದನ್ನು ಹೇಳಿ ಮುಂದೆ ಹೋಗುತ್ತೇವೆ.

ಪೆರೂಟಾದ ಬಗ್ಗೆ ಯೆಹೂದ್ಯ ಧರ್ಮಶಾಸ್ತ್ರವು ಹೇಳುವ ಮಾತು ನಮ್ಮ ವಾದಕ್ಕೆ ಬಹುಮುಖ್ಯ. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಷ್ನಾ ಗ್ರಂಥದಲ್ಲಿ ಪೆರೂಟಾ ಒಂದು ಹೊಸ್ತಿಲು. ಅದಕ್ಕಿಂತ ಕಡಮೆಯದು ಕಾನೂನಿನ ದೃಷ್ಟಿಯಲ್ಲಿ ಹಣವೇ ಅಲ್ಲ. ಆ ಬೆಲೆಗೆ ಮುಟ್ಟಿದೊಡನೆ ನ್ಯಾಯ ಆರಂಭವಾಗುತ್ತದೆ. ಒಂದು ಪೆರೂಟಾದಿಂದ ವಿವಾಹ ನಿಶ್ಚಯವಾಗಬಹುದೆಂಬುದು ಹಿಲ್ಲೇಲನ ಪಂಥದ ಮತ; ಶಮ್ಮಾಯನ ಪಂಥವು ಒಂದು ದೆನಾರಿಯಸ್ ಬೇಕೆನ್ನುತ್ತಿತ್ತು. ಬಾವಾ ಮೆಟ್ಸಿಯಾ ಎಂಬ ಭಾಗದಲ್ಲಿ (4:7) ಇಂಥ ಐದು ಸಂದರ್ಭಗಳನ್ನು ಒಟ್ಟಿಗೆ ಹೇಳಲಾಗಿದೆ. ಅವುಗಳಲ್ಲಿ ಎರಡು ನಮ್ಮ ವಿಷಯಕ್ಕೆ ತೀರ ಹತ್ತಿರ. ದೇವರಿಗೆ ಮೀಸಲಾದ ವಸ್ತುವಿನಿಂದ ಒಂದು ಪೆರೂಟಾದಷ್ಟು ಲಾಭ ಪಡೆದವನು ಪವಿತ್ರಾಪಹರಣದ ದೋಷಿ. ನೆರೆಯವನಿಂದ ಒಂದು ಪೆರೂಟಾದಷ್ಟನ್ನು ಕಸಿದುಕೊಂಡು ಇಲ್ಲವೆಂದು ಆಣೆಯಿಟ್ಟವನು, ಆ ನೆರೆಯವನು ಮೇದ್ಯ ದೇಶಕ್ಕೆ ಹೋಗಿದ್ದರೂ ಬೆನ್ನಟ್ಟಿ ಹೋಗಿ ಅದನ್ನು ಹಿಂದಿರುಗಿಸಬೇಕು. ಒಂದು ಕಾಸಿಗಾಗಿ ಮೇದ್ಯ ದೇಶದವರೆಗೆ ನಡೆಯಬೇಕೆಂಬ ಈ ನಿಯಮವನ್ನು ಕೇಳಿ ನಕ್ಕುಬಿಡಬಹುದು. ಆದರೆ ಬಡವನಿಗೆ ಸೇರಿದ ಕಾಸಿನ ತೂಕವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕಾನೂನು ನಮಗೆ ತಿಳಿದಿಲ್ಲ. ಬರಹರೂಪ ತಡವಾಗಿ ಬಂದರೂ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸುಸ್ವಾಮಿ ಖಂಡಿಸಿದಾಗ ಅವರು ಪರಕೀಯ ನಿಯಮವೊಂದನ್ನು ತಂದು ಹೇರುತ್ತಿರಲಿಲ್ಲ. ಇಸ್ರಯೇಲಿನ ಒಳಗಿನ ಈ ಸೂಕ್ಷ್ಮ ನ್ಯಾಯಪ್ರಜ್ಞೆಯ ಪರವಾಗಿಯೇ ಮಾತನಾಡುತ್ತಿದ್ದರು. ಈ ಪ್ರಸಂಗವನ್ನು ಹಿಡಿದು ಯೆಹೂದ್ಯ ಧರ್ಮವನ್ನೇ ಹಳಿಯುವ ಪ್ರಬೋಧನೆಗಳು ಇದನ್ನು ನೆನಪಿನಲ್ಲಿಡಬೇಕು.

ಈಗ ಲೂಕ 12:59. ದಾರಿಯಲ್ಲಿರುವಾಗಲೇ ಎದುರಾಳಿಯೊಡನೆ ರಾಜಿಯಾಗು, ಇಲ್ಲವಾದರೆ ಸೆರೆಮನೆಗೆ ಬೀಳುವೆ, ಕೊನೆಯ ಲೆಪ್ತೊನನ್ನು ತೆರುವ ತನಕ ಹೊರಬರಲಾರೆ ಎಂಬುದು ಅಲ್ಲಿಯ ಉಪದೇಶದ ಸಾರ. ಇದೇ ಮಾತನ್ನು ಮತ್ತಾಯರು (5:26) ಕೊನೆಯ ಕೊದ್ರಾಂತೆಸ್ ಎಂದು ಬರೆದಿದ್ದಾರೆ. ಹೀಗೆ ಲೂಕರ ಶುಭಸಂದೇಶದಲ್ಲಿ ಲೆಪ್ತೊನ್ ಎರಡು ಬಾರಿ ಕಾಣಿಸುತ್ತದೆ. ಒಮ್ಮೆ ಸಾಲಗಾರನಿಂದ ಸೆರೆಮನೆ ಹಿಂಡುವ ಕೊನೆಯ ಕಾಸಾಗಿ. ಇನ್ನೊಮ್ಮೆ ವಿಧವೆಯಿಂದ ಮಹಾದೇವಾಲಯದ ಪೆಟ್ಟಿಗೆ ಪಡೆಯುವ ಕೊನೆಯ ಕಾಸಾಗಿ. ಒಂದು ಬಲವಂತ, ಮತ್ತೊಂದು ಭಕ್ತಿ. ವ್ಯತ್ಯಾಸ ದೊಡ್ಡದು, ನಿಜ. ಆದರೆ ಎರಡರಲ್ಲಿಯೂ ಈ ಪದದ ಕೆಲಸ ಒಂದೇ: ಇದರಾಚೆಗೆ ಇನ್ನೇನೂ ಉಳಿದಿಲ್ಲವೆಂದು ಗುರುತಿಸುವುದು. ಅಳತೆಗೋಲಿನಲ್ಲಿ ಲೆಪ್ತೊನ್ ಇರುವುದು ಮೊದಲ ಗೆರೆಯ ಹತ್ತಿರವಲ್ಲ, ತಳದಲ್ಲಿ. ‘ಚಿಕ್ಕ ಕಾಣಿಕೆಯೂ ದೇವರಿಗೆ ಮೆಚ್ಚುಗೆ’ ಎಂಬ ಪ್ರಬೋಧನೆಯ ಮಾತು ಸತ್ಯವಿರಬಹುದು, ಆದರೆ ಅದು ಈ ಪಠ್ಯದ ಮಾತಲ್ಲ. ಅವಳ ಕಾಣಿಕೆ ಚಿಕ್ಕದೆಂದು ಯೇಸುಸ್ವಾಮಿ ಎಲ್ಲಿಯೂ ಹೇಳುವುದಿಲ್ಲ. ಎಲ್ಲರಿಗಿಂತ ಹೆಚ್ಚೆಂದೇ ಹೇಳುತ್ತಾರೆ.

ಮಾರ್ಕರ ಕೊನೆಯ ಪದಗಳು ಇದನ್ನು ಇನ್ನಷ್ಟು ಬಿಗಿಗೊಳಿಸುತ್ತವೆ. ಅವಳು ಹಾಕಿದ್ದು ತನ್ನ ಇಡೀ ‘ಬಿಯೊಸ್’. ಗ್ರೀಕಿನಲ್ಲಿ ಈ ಪದಕ್ಕೆ ಬಾಳು ಎಂತಲೂ ಬಾಳಿಗೆ ಆಧಾರವಾದ ಆಸ್ತಿ ಎಂತಲೂ ಅರ್ಥ. ಅನುವಾದಕರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಕನ್ನಡಕ್ಕೆ ಆ ಕಷ್ಟವಿಲ್ಲವೆಂಬುದು ನಮ್ಮ ಅನಿಸಿಕೆ. ‘ಬದುಕು’ ಎಂದರೆ ಜೀವನವೂ ಹೌದು. ಹೊಲಮನೆ, ದನಕರು, ಗಳಿಸಿ ಕೂಡಿಟ್ಟದ್ದೂ ಹೌದು. ಹಳ್ಳಿಯಲ್ಲಿ ‘ಬದುಕು ಮಾರಿಕೊಂಡು ಹೋದರು’ ಎಂದರೆ ಎರಡು ಅರ್ಥವೂ ಒಟ್ಟಿಗೆ ಕೇಳಿಸುತ್ತವೆ. ‘ತನ್ನ ಬದುಕನ್ನೆಲ್ಲಾ ಹಾಕಿದಳು’ ಎಂದು ಓದಿದರೆ ಲೆಕ್ಕದ ಪುಸ್ತಕ ಮುಚ್ಚಿಹೋಗುತ್ತದೆ. ಯೆಹೂದ್ಯ ಪರಂಪರೆಯ ಲೇವಿಯ ರಬ್ಬಾದಲ್ಲಿಯೂ (3:5) ಇಂಥದೇ ಕಥೆಯೊಂದಿದೆ. ಹಿಡಿಹಿಟ್ಟು ತಂದ ಹೆಂಗಸನ್ನು ಯಾಜಕನು ಹೀಯಾಳಿಸಿದಾಗ, ಅವಳು ಅರ್ಪಿಸಿರುವುದು ತನ್ನ ಪ್ರಾಣವನ್ನೇ ಎಂದು ಅವನಿಗೆ ಕನಸಿನಲ್ಲಿ ತಿಳಿಸಲಾಗುತ್ತದೆ. ಅಲ್ಲಿ ಹೀಯಾಳಿಸುವ ಯಾಜಕನಾದರೂ ಅವಳನ್ನು ನೋಡುತ್ತಾನೆ. ಮಾರ್ಕರ ಕಥೆಯಲ್ಲಿ ಯಾಜಕನೇ ಇಲ್ಲ. ಮಿಷ್ನಾ ವರ್ಣಿಸುವ ಹದಿಮೂರು ಕೊಂಬಿನಾಕಾರದ ಪೆಟ್ಟಿಗೆಗಳು (ಶೆಕಾಲಿಮ್ 6:5) ಮಾತ್ರ ಇವೆ: ಶೆಕೆಲ್ ತೆರಿಗೆಗೆ, ಪಕ್ಷಿಬಲಿಗೆ, ಸೌದೆಗೆ, ಧೂಪಕ್ಕೆ, ಚಿನ್ನಕ್ಕೆ, ಇಚ್ಛಾಕಾಣಿಕೆಗೆ ಹೀಗೆ ಒಂದೊಂದಕ್ಕೆ ಒಂದೊಂದು ಹೆಸರು. ಅವಳು ಬಂದದ್ದನ್ನೂ ಹೋದದ್ದನ್ನೂ ಪೆಟ್ಟಿಗೆ ಅರಿಯದು.

ಇಲ್ಲಿ ನಮ್ಮ ವಿಮರ್ಶೆಯ ಮುಖ್ಯ ಪ್ರಶ್ನೆ ಎದುರಾಗುತ್ತದೆ. 1982ರಲ್ಲಿ ಸಲ್ಪಿಷಿಯನ್ ಗುರು ಅಡಿಸನ್ ರೈಟ್ ಅವರು ಕ್ಯಾಥೊಲಿಕ್ ಬಿಬ್ಲಿಕಲ್ ಕ್ವಾರ್ಟರ್ಲಿಯಲ್ಲಿ ಪ್ರಕಟಿಸಿದ ಕಿರುಲೇಖನವು ಈ ಪ್ರಸಂಗದ ವ್ಯಾಖ್ಯಾನವನ್ನೇ ಕದಲಿಸಿತು. ಯೇಸುಸ್ವಾಮಿಯ ಮಾತು ಪ್ರಶಂಸೆಯೋ ಪ್ರಲಾಪವೋ ಎಂಬುದು ಅವರ ಪ್ರಶ್ನೆ. ಪ್ರಲಾಪ ಎಂಬುದು ಅವರ ಉತ್ತರ. ಅವರ ಆಧಾರ ಸರಳವಾದದ್ದು, ಸಂದರ್ಭ. ಹಿಂದಿನ ವಾಕ್ಯದಲ್ಲಿ ವಿಧವೆಯರ ಮನೆ ನುಂಗುವ ಶಾಸ್ತ್ರಿಗಳು; ಮುಂದಿನ ವಾಕ್ಯದಲ್ಲಿ ಕಲ್ಲಿನ ಮೇಲೆ ಕಲ್ಲು ನಿಲ್ಲದಂತೆ ಕೆಡವಲ್ಪಡಲಿರುವ ಮಹಾದೇವಾಲಯ; ನಡುವೆ, ಆ ದೇವಾಲಯಕ್ಕೆ ತನ್ನ ಕೊನೆಯ ಕಾಸನ್ನು ಹಾಕಿ ಹೋಗುವ ವಿಧವೆ. ತಂದೆತಾಯಿಗಳ ಅಗತ್ಯಕ್ಕಿಂತ ಕೊರ್ಬಾನ್ ಕಾಣಿಕೆಯನ್ನು ಮೇಲೆಂದು ಎಣಿಸುವುದನ್ನು ಏಳನೆಯ ಅಧ್ಯಾಯದಲ್ಲಿ ಖಂಡಿಸಿದ ಕ್ರಿಸ್ತರು, ಇಲ್ಲಿ ಹಸಿದವಳು ತನ್ನ ತುತ್ತನ್ನು ಪೆಟ್ಟಿಗೆಗೆ ಹಾಕುವುದನ್ನು ಮೆಚ್ಚಿಯಾರೇ? ನೆರೆಯವನ ಸಾಮತಿಯ ಕೊನೆಯಲ್ಲಿರುವಂತೆ ‘ನೀನೂ ಹೀಗೆಯೇ ಮಾಡು’ ಎಂಬ ಆಜ್ಞೆ ಇಲ್ಲಿಲ್ಲ. ಜೋಸೆಫ್ ಫಿಟ್ಸ್‌ಮೈಯರ್ ಅವರೂ ತಮ್ಮ ಲೂಕ ವ್ಯಾಖ್ಯಾನದಲ್ಲಿ ಈ ವಾದವನ್ನು ಒಪ್ಪಿಕೊಂಡರು.

ರೈಟರು ತೋರಿಸಿದ ಸಂದರ್ಭದ ಬಲವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಅದಕ್ಕೆ ಇನ್ನೊಂದು ಎಳೆಯನ್ನು ಸೇರಿಸಲೂಬಹುದು. ಯೇಸುಸ್ವಾಮಿ ಕಾಣಿಕೆ ಪೆಟ್ಟಿಗೆಯ ‘ಎದುರಿಗೆ’ ಕುಳಿತರೆಂದು ಹೇಳಲು ಮಾರ್ಕರು ಬಳಸಿದ ಪದವೇ 13:3ರಲ್ಲಿ ಮರುಕಳಿಸುತ್ತದೆ. ಅಲ್ಲಿ ಅವರು ಓಲಿವ್ ಗುಡ್ಡದ ಮೇಲೆ ಮಹಾದೇವಾಲಯದ ‘ಎದುರಿಗೆ’ ಕುಳಿತು ಅದರ ಅಂತ್ಯವನ್ನು ಕುರಿತು ಮಾತನಾಡುತ್ತಾರೆ. ಇದು ನ್ಯಾಯಾಧೀಶನ ಆಸನ. ಜನರು ಎಷ್ಟು ಹಾಕುತ್ತಾರೆಂದು ಅವರು ನೋಡಲಿಲ್ಲ, ಹೇಗೆ ಹಾಕುತ್ತಾರೆಂದು ನೋಡಿದರು ಎಂಬುದೂ ಮೂಲದ ಮಾತೇ. ಹದಿಮೂರನೆಯ ಶತಮಾನದ ಆದಿಭಾಗದಲ್ಲಿ ರೂಢಿಗೆ ಬಂದ ಅಧ್ಯಾಯವಿಭಾಗವು ಮಾರ್ಕರಲ್ಲಿ ವಿಧವೆಯನ್ನು ದೇವಾಲಯದ ವಿನಾಶದಿಂದ ಬೇರ್ಪಡಿಸಿತು. ಲೂಕರಲ್ಲಿ ಶಾಸ್ತ್ರಿಗಳಿಂದ ಬೇರ್ಪಡಿಸಿತು. ನಾವು ಇಂದಿಗೂ ಆ ಗೆರೆಗಳ ಒಳಗೇ ಪ್ರಬೋಧನೆ ಸಿದ್ಧಪಡಿಸುತ್ತೇವೆ.

ಆದರೆ ರೈಟರ ತೀರ್ಮಾನದಲ್ಲಿ ಒಂದು ಕೊರತೆಯಿದೆ. ಪ್ರಲಾಪವೆಂದು ಮಾತ್ರ ಓದಿದರೆ ವಿಧವೆಯು ಬರಿಯ ಬಲಿಪಶುವಾಗುತ್ತಾಳೆ; ಮೋಸಹೋದ ಅಮಾಯಕಳಾಗಿ ಉಳಿಯುತ್ತಾಳೆ. ಅದೇ ಅಧ್ಯಾಯದಲ್ಲಿ ಸದ್ದುಕಾಯರು ಏಳು ಗಂಡಂದಿರನ್ನು ಕಳೆದುಕೊಂಡ ಇನ್ನೊಬ್ಬ ವಿಧವೆಯನ್ನು ತಮ್ಮ ತರ್ಕದ ಒಗಟಾಗಿ ಮಾತ್ರ ಬಳಸಿಕೊಂಡರು. ನಾವು ಈಕೆಯನ್ನು ನಮ್ಮ ಸಾಮಾಜಿಕ ವಿಶ್ಲೇಷಣೆಯ ಉದಾಹರಣೆಯನ್ನಾಗಿ ಮಾಡಿದರೆ ಅವರಿಗಿಂತ ಮೇಲಾದೆವೇ? ಹದಿನೆಂಟನೆಯ ಶತಮಾನದ ಬೆಂಗೆಲ್ ಎಂಬ ವ್ಯಾಖ್ಯಾನಕಾರನು ‘ಎರಡು’ ಎಂಬ ಸಂಖ್ಯೆಯ ಮೇಲೆ ಬೆರಳಿಟ್ಟಿದ್ದಾನೆ: ಅವಳು ಒಂದನ್ನು ಇಟ್ಟುಕೊಳ್ಳಬಹುದಾಗಿತ್ತು. ಈ ಟಿಪ್ಪಣಿ ಪುಟ್ಟದು, ಆದರೆ ಇದರಲ್ಲಿ ಅವಳ ಸ್ವಾತಂತ್ರ್ಯವೆಲ್ಲ ಅಡಗಿದೆ. ಒಂದೇ ನಾಣ್ಯವಿದ್ದಿದ್ದರೆ ಹಾಕುವುದು ಅಥವಾ ಬಿಡುವುದು ಎಂಬ ಆಯ್ಕೆ ಮಾತ್ರ. ಎರಡಿದ್ದಾಗ ಅರ್ಧವನ್ನು ಕೊಟ್ಟು ಅರ್ಧವನ್ನು ಉಳಿಸಿಕೊಳ್ಳುವ ವಿವೇಕದ ದಾರಿಯೂ ತೆರೆದಿತ್ತು. ಅವಳು ಆ ದಾರಿ ಹಿಡಿಯಲಿಲ್ಲ. ಎಲಿಜಬೆತ್ ಸ್ಟ್ರುದರ್ಸ್ ಮಾಲ್ಬನ್ 1991ರಲ್ಲಿ ಅದೇ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಒಂದೇ ಸಂದರ್ಭವನ್ನು ಹಿಡಿದು ಈಕೆಯನ್ನು ಓದಲಾಗದೆಂದು ತೋರಿಸಿದ್ದಾರೆ. ತನ್ನ ಪ್ರಾಣವನ್ನು ಕೊಡಲು ಬಂದ ನರಪುತ್ರನ ಯಾತನೆಯ ಹೊಸ್ತಿಲಲ್ಲಿಯೂ ಅವಳು ನಿಂತಿದ್ದಾಳೆ. ಬದುಕನ್ನೆಲ್ಲಾ ಕೊಟ್ಟವಳನ್ನು ಕಂಡು ಬದುಕನ್ನೆಲ್ಲಾ ಕೊಡಲಿರುವವರು ಶಿಷ್ಯರನ್ನು ಹತ್ತಿರ ಕರೆದು ತೋರಿಸುತ್ತಾರೆ.

ಹಾಗಾದರೆ ಪ್ರಶಂಸೆಯೋ ಪ್ರಲಾಪವೋ? ಪ್ರಶ್ನೆಯೇ ತಪ್ಪು ಜಾಗದಲ್ಲಿ ಗೆರೆ ಎಳೆಯುತ್ತದೆ ಎಂದು ನಮಗೆ ತೋರುತ್ತದೆ. ಕೊಟ್ಟವಳಿಗೆ ಪ್ರಶಂಸೆ ಸಲ್ಲುತ್ತದೆ. ಆದರೆ ಕೊಟ್ಟವಳ ಪ್ರಶಂಸೆಯು ಪಡೆದವನ ಖುಲಾಸೆಯಲ್ಲ. ಅವಳು ಎಲ್ಲರಿಗಿಂತ ಹೆಚ್ಚು ಕೊಟ್ಟಳೆಂಬ ವಾಕ್ಯವೇ, ಅವಳಿಂದ ಎಲ್ಲರಿಗಿಂತ ಹೆಚ್ಚು ಪಡೆದ ಆಲಯದ ಮೇಲಿನ ಆರೋಪಪಟ್ಟಿಯೂ ಆಗಿದೆ. ಪ್ರಬೋಧಕರು ಸಾಮಾನ್ಯವಾಗಿ ವಿಧವೆಯ ಪಕ್ಕದಲ್ಲಿ ನಿಂತು ಶ್ರೀಮಂತರ ಕಡೆಗೆ ಬೆರಳು ತೋರಿಸುತ್ತಾರೆ. ನಾವು ನಿಂತಿರುವುದು ಅಲ್ಲಲ್ಲ, ಪೆಟ್ಟಿಗೆಯ ಪಕ್ಕದಲ್ಲಿ.

ಆದಿ ಧರ್ಮಸಭೆಗೆ ಇದು ಗೊತ್ತಿತ್ತು. 258ರಲ್ಲಿ ರಕ್ತಸಾಕ್ಷಿಯಾದ ಕಾರ್ಥೇಜಿನ ಸಂತ ಸಿಪ್ರಿಯಾನರು ದಾನಧರ್ಮವನ್ನು ಕುರಿತ ತಮ್ಮ ಗ್ರಂಥದಲ್ಲಿ ಈ ವಿಧವೆಯನ್ನು ಕರೆತರುವುದು ಬಡವರಿಂದ ಕಾಣಿಕೆ ಎತ್ತುವುದಕ್ಕಲ್ಲ. ಏನನ್ನೂ ಅರ್ಪಿಸದೆ ಪ್ರಭುವಿನ ಬಲಿಪೂಜೆಗೆ ಬಂದು, ಬಡವನು ತಂದ ಅರ್ಪಣೆಯಿಂದಲೇ ಪಾಲು ತೆಗೆದುಕೊಳ್ಳುವ ಶ್ರೀಮಂತ ಗೃಹಿಣಿಯನ್ನು ನಾಚಿಸುವುದಕ್ಕೆ. ಅದಕ್ಕೂ ಮೊದಲು ಸ್ಮಿರ್ನದ ಸಂತ ಪೊಲಿಕಾರ್ಪರು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ವಿಧವೆಯರನ್ನು ದೇವರ ಬಲಿಪೀಠವೆಂದು ಕರೆದಿದ್ದರು. ಕಾಣಿಕೆ ಹೋಗಬೇಕಾದ ಸ್ಥಳವೇ ಅವರು. ಕಾಣಿಕೆಯು ವಿಧವೆಯಿಂದ ಹೊರಟು ಕಟ್ಟಡಕ್ಕೆ ಹೋಗುತ್ತಿದೆಯೋ, ಕಟ್ಟಡದಿಂದ ಹೊರಟು ವಿಧವೆಗೆ ಹೋಗುತ್ತಿದೆಯೋ ಎಂಬ ಒಂದು ಪ್ರಶ್ನೆಯಿಂದ ಯಾವ ಧರ್ಮಕೇಂದ್ರದ ಲೆಕ್ಕಪತ್ರವನ್ನಾದರೂ ಪರಿಶೀಲಿಸಬಹುದು.

ನಮ್ಮ ಬಳಕೆಗೆ ಬರೋಣ. ‘ಬಿ’ ವರ್ಷದ ಸಾಧಾರಣ ಕಾಲದ 32ನೆಯ ಭಾನುವಾರ ಈ ಪ್ರಸಂಗ ಓದಲ್ಪಡುತ್ತದೆ. 2024ರ ನವೆಂಬರ್ 10ರಂದು ಓದಲಾಯಿತು, 2027ರ ನವೆಂಬರ್ 7ರಂದು ಮತ್ತೆ ಬರಲಿದೆ. ವಾಚನಗ್ರಂಥವು ಎರಡು ರೂಪಗಳನ್ನು ಕೊಡುತ್ತದೆ: ಶಾಸ್ತ್ರಿಗಳ ಖಂಡನೆಯೂ ಸೇರಿದ ದೀರ್ಘರೂಪ (12:38-44) ಮತ್ತು ವಿಧವೆ ಮಾತ್ರ ಇರುವ ಹ್ರಸ್ವರೂಪ (12:41-44). ಹ್ರಸ್ವರೂಪದಿಂದ ಉಳಿಯುವುದು ಮೂರು ವಾಕ್ಯಗಳಷ್ಟು ಸಮಯ. ಹೋಗುವುದು ಅರ್ಥದ ಅರ್ಧಭಾಗ. ಮಹಾದೇವಾಲಯದ ವಿನಾಶದ ಮಾತಂತೂ ಎರಡು ರೂಪಗಳಲ್ಲಿಯೂ ಇಲ್ಲ. ಮುಂದಿನ ಭಾನುವಾರ ವಾಚನವು ನೇರವಾಗಿ 13:24ಕ್ಕೆ ಹಾರುತ್ತದೆ. ವಾಚನಗ್ರಂಥವನ್ನು ರೂಪಿಸಿದವರಿಗೆ ಅವರದೇ ಕಾರಣಗಳಿರಬೇಕು. ಆದರೆ ಪ್ರಬೋಧಕನಿಗೆ ಹ್ರಸ್ವರೂಪವನ್ನು ಆರಿಸಿಕೊಳ್ಳಲು ಯಾವ ಕಾರಣವೂ ನಮಗೆ ಕಾಣುವುದಿಲ್ಲ.

ಅದೇ ಭಾನುವಾರದ ಮೊದಲ ವಾಚನ ಸಾರೆಪ್ತದ ವಿಧವೆಯದು (1 ಅರಸುಗಳು 17:10-16). ಈ ಜೋಡಣೆ ಸುಂದರವಾದದ್ದು, ಹಾಗೆಯೇ ಅಪಾಯಕಾರಿಯೂ ಹೌದು. ಎಲೀಯನು ಕೇಳಿದ್ದೂ ಕೊನೆಯ ಹಿಡಿಹಿಟ್ಟನ್ನೇ. ಆದರೆ ಅವನು ಕೇಳುವಾಗಲೇ ಮಡಕೆಯ ಹಿಟ್ಟು ಮುಗಿಯದೆಂಬ ದೇವರ ವಾಗ್ದಾನವನ್ನು ಕೊಟ್ಟನು. ಬರಗಾಲದುದ್ದಕ್ಕೂ ಆ ಮನೆಯವರು ಉಂಡರು. ಅವಳ ಮಗ ಸತ್ತಾಗ ಪ್ರವಾದಿ ಆ ಮನೆಯಲ್ಲಿಯೇ ಇದ್ದನು. ಜೆರುಸಲೇಮಿನ ವಿಧವೆಗೆ ಯಾರೂ ಯಾವ ಮಡಕೆಯನ್ನೂ ವಾಗ್ದಾನ ಮಾಡಲಿಲ್ಲ. ಸಾರೆಪ್ತದ ಮಡಕೆಯನ್ನು ತಂದು ಇವಳ ಮನೆಯಲ್ಲಿಟ್ಟು, ‘ಕೊನೆಯದನ್ನು ಕೊಡಿ, ದೇವರು ತುಂಬಿಸುತ್ತಾನೆ’ ಎಂದು ಬೋಧಿಸುವ ಪ್ರವೃತ್ತಿ ಈಗ ದೂರದರ್ಶನದ ಉಪದೇಶಕರಲ್ಲಿ ಮಾತ್ರ ಉಳಿದಿಲ್ಲ. ಚರ್ಚ್ ಕಟ್ಟಡದ ನಿಧಿ ಸಂಗ್ರಹಿಸುವ ಭಾನುವಾರಗಳಲ್ಲಿ ನಮ್ಮ ಪ್ರಬೋಧನಾ ಪೀಠಗಳಿಂದಲೂ ಅದು ಕೇಳಿಬರುತ್ತದೆ. ಹಾಗೆ ಬೋಧಿಸುವವನು ಎಲೀಯನಂತೆ ಆ ಮನೆಯಲ್ಲಿ ಉಳಿಯಲು ಸಿದ್ಧನಿದ್ದಾನೆಯೇ? ಬೋಧಿಸುವ ಮೊದಲು ಅವನು ಉತ್ತರಿಸಬೇಕಾದ ಪ್ರಶ್ನೆ ಇದು. ಕಾಣಿಕೆ ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಓದಿಹೇಳುವ ನಮ್ಮ ಕೆಲವು ಧರ್ಮಕೇಂದ್ರಗಳ ರೂಢಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆ ಪಟ್ಟಿಯಲ್ಲಿ ಲೆಪ್ತೊನಿಗೆ ಸ್ಥಾನವಿರುವುದಿಲ್ಲ. ‘ಇತರೆ’ ಎಂಬ ಸಾಲಿನಲ್ಲಿ ಅದು ಕರಗಿಹೋಗುತ್ತದೆ.

ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ನಮ್ಮ ರೂಢಿಗಿಂತ ಹೆಚ್ಚು ಸೂಕ್ಷ್ಮವಾಗಿದೆ ಎಂಬುದನ್ನು ಗುರುವಿದ್ಯಾರ್ಥಿಗಳು ಗಮನಿಸಬೇಕು. ಬಡವರು ತಮ್ಮ ಬಡತನದ ಕಾರಣದಿಂದ ಸಂಸ್ಕಾರಗಳ ನೆರವಿನಿಂದ ವಂಚಿತರಾಗದಂತೆ ನೋಡಿಕೊಳ್ಳಬೇಕೆಂದು 848ನೆಯ ಕಾನೂನು ವಿಧಿಸುತ್ತದೆ. ಕಾಣಿಕೆಯಿಲ್ಲದಿದ್ದರೂ ವಿಶ್ವಾಸಿಗಳ, ಅದರಲ್ಲಿಯೂ ಬಡವರ, ಕೋರಿಕೆಗಾಗಿ ಬಲಿಪೂಜೆ ಅರ್ಪಿಸಬೇಕೆಂದು 945ನೆಯದು ಗುರುಗಳನ್ನು ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತದೆ. ವಿಶ್ವಾಸಿಗಳು ಒಂದು ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟದ್ದನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬೇಕೆಂಬುದು 1267ರಲ್ಲಿಯೂ, ಕೊಟ್ಟವರಿಗೆ ಲೆಕ್ಕ ಒಪ್ಪಿಸಬೇಕೆಂಬುದು 1287ರಲ್ಲಿಯೂ ಇದೆ. ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದದ್ದು 948. ಒಂದೊಂದು ಕೋರಿಕೆಗೆಂದು ಕೊಟ್ಟು ಸ್ವೀಕರಿಸಲ್ಪಟ್ಟ ಕಾಣಿಕೆಯು ಎಷ್ಟೇ ಅಲ್ಪವಾಗಿದ್ದರೂ, ಅದಕ್ಕಾಗಿ ಪ್ರತ್ಯೇಕ ಬಲಿಪೂಜೆಯೇ ಸಲ್ಲಬೇಕು. ಹಲವು ಕೋರಿಕೆಗಳನ್ನು ಒಂದೇ ಪೂಜೆಯಲ್ಲಿ ಕೂಡಿಸುವ ಪದ್ಧತಿಗೆ 1991ರ ಫೆಬ್ರವರಿ 22ರ ಆಜ್ಞಾಪತ್ರವು ಕಟ್ಟುನಿಟ್ಟಾದ ಮಿತಿ ಹಾಕಿದ್ದೂ ಇದರ ರಕ್ಷಣೆಗಾಗಿಯೇ.

‘ಎಷ್ಟೇ ಅಲ್ಪವಾಗಿದ್ದರೂ’ ಎಂಬ ಆ ಪದಗುಚ್ಛವನ್ನು ಓದುವಾಗಲೆಲ್ಲ ನಮಗೆ ಮೇದ್ಯ ದೇಶಕ್ಕೆ ಹೊರಟವನ ನೆನಪಾಗುತ್ತದೆ. ಅಲ್ಲಿ ಒಂದು ಪೆರೂಟಾ ಒಬ್ಬ ಮನುಷ್ಯನನ್ನು ದೇಶಾಂತರ ನಡೆಸುತ್ತದೆ. ಇಲ್ಲಿ ಹತ್ತು ರೂಪಾಯಿಯ ಕೋರಿಕೆಯೊಂದು ಒಬ್ಬ ಗುರುವನ್ನು ಬಲಿಪೀಠದವರೆಗೆ ನಡೆಸಬೇಕು. ಹತ್ತು ಮಂದಿ ಬಡವರ ಹತ್ತು ಕೋರಿಕೆಗಳನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿ, ದೊಡ್ಡ ಕಾಣಿಕೆ ಕೊಟ್ಟವರ ಪೂಜೆಯನ್ನು ಪ್ರತ್ಯೇಕವಾಗಿ ಅರ್ಪಿಸಿದರೆ, ವಿಧವೆಯ ಕಾಸು ಯಾವ ಪೆಟ್ಟಿಗೆಗೆ ಬಿತ್ತೆಂದು ಹೇಳುವುದು ಕಷ್ಟವಲ್ಲ. ಧರ್ಮಕೇಂದ್ರದ ಕೋರಿಕೆಪುಸ್ತಕವನ್ನು ಹೊಸದಾಗಿ ವಹಿಸಿಕೊಳ್ಳುವ ಕಿರಿಯ ಗುರುಬಂಧುಗಳು, ಮೊದಲ ವಾರದಲ್ಲಿಯೇ ಅದರಲ್ಲಿ ಅತ್ಯಂತ ಕಡಮೆ ಮೊತ್ತದ ಸಾಲನ್ನು ಹುಡುಕಿ, ಆ ಕೋರಿಕೆಗೆ ಪೂಜೆ ಸಂದಿದೆಯೇ ಎಂದು ನೋಡಲಿ. ಸಂದಿರದಿದ್ದರೆ ಆ ವಾರದ ಮೊದಲ ಬೆಳಗಿನ ಪೂಜೆ ಆ ಹೆಸರಿನದು.